ಅಪ್ಪನನ್ನು ಮಲಗಿಸಿಡಬೇಡಿ

ಒಡೆನ್ಸೆ, ಡೆನ್ಮಾರ್ಕ್
ಭಾನುವಾರ

ಅವ್ವನಿಗೆ ನಮಸ್ಕಾರಗಳು. ನಾವಿಬ್ಬರೂ ಆರಾಮವಾಗಿದ್ದೇವೆ.

ಅಪ್ಪನ ಪುಪ್ಪುಸದ ಆಪರೇಷನ್ ಆದ ಮೇಲೆ ಪುಟ್ಟಿಯಿಂದ ಬರೆಸಿದ ನಿನ್ನ ಪತ್ರ ಓದಿದಾಗಿನಿಂದ ಬೇರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಮಾಳಮಡ್ಡಿಯ ದೊಡ್ಡವ್ವ ಬಂದು “ಕೊರೆದದ್ದು ಮೂರೇ ತೂತು, ಇನ್ನೂ ಏಕೆ ನರಳುತ್ತಾನೆ, ಒಳಗೆ ಏನೋ ಉಳಿದಿರಬೇಕು” ಎಂದಳಂತೆ. ಅವ್ವ, ತೂತು ಸಣ್ಣದು, ಆಪರೇಷನ್ ಸಣ್ಣದಲ್ಲ. ಬಲ ಪುಪ್ಪುಸದಲ್ಲಿ ಮೂರು ಹಾಲೆಗಳು, ಅಂದರೆ ಮೂರು ಭಾಗಗಳು, ಇರುತ್ತವೆ. ಅಪ್ಪನಿಗೆ ಅದರಲ್ಲಿ ಒಂದನ್ನು ಪೂರ್ತಿ ತೆಗೆದಿದ್ದಾರೆ. ಪಕ್ಕೆಲುಬುಗಳನ್ನು ಅಗಲಿಸದೆ ಕ್ಯಾಮೆರಾ ಇಳಿಸಿ ತೆಗೆದರು, ಅಷ್ಟೇ. ಉಳಿದ ಎರಡು ಹಾಲೆಗಳು ಹಿಗ್ಗಿ ಆ ಜಾಗವನ್ನು ತುಂಬಿಕೊಳ್ಳಲು ಸಮಯ ಬೇಕಲ್ಲವೇ? ಒಳಗೆ ಏನಾದರೂ ಉಳಿದಿದೆಯೇ ಎಂಬುದನ್ನು ಹೇಳಬೇಕಾದದ್ದು ತೆಗೆದ ತುಂಡನ್ನು ಪರೀಕ್ಷಿಸಿ ಕೊಟ್ಟ ಬಯಾಪ್ಸಿ ವರದಿ. ಅದು ಸರಿಯಿದೆ ಎಂದು ಡಾಕ್ಟರು ಕಾಕಾನ ಎದುರೇ ಹೇಳಿದ್ದಾರೆ. ದೊಡ್ಡವ್ವನಿಗೆ ಇದನ್ನು ಓದಿ ಹೇಳು.

ಕೊರೆದದ್ದು ಕಂಕುಳ ಕೆಳಗೆ, ಉರಿಯುವುದು ಎದೆಯ ಮುಂದೆ ಎಂದು ಅಪ್ಪ ಗಾಬರಿಯಾಗಿದ್ದಾರೆಂದು ಬರೆದಿದ್ದೀಯ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನಲ್ಲಿ ಒಂದು ನರ ಬೆನ್ನಿನಿಂದ ಎದೆಯ ಕಡೆಗೆ ಬರುತ್ತದೆ. ಉಪಕರಣಗಳೂ ಆಮೇಲೆ ಎದೆಯೊಳಗಿನ ಗಾಳಿ, ನೀರು ಹೊರತೆಗೆಯಲು ಇಟ್ಟಿದ್ದ ನಳಿಕೆಯೂ ಅದನ್ನು ಒತ್ತಿರುತ್ತವೆ. ಹಾಗಾಗಿ ಆ ನರ ಹೋದ ದಾರಿಯುದ್ದಕ್ಕೂ ಉರಿ, ಜೋಮು. ಅಂಗಿ ತಾಗಿದರೂ ಸಹಿಸಲಾಗುವುದಿಲ್ಲ. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇದ್ದು ಕಡಿಮೆಯಾಗುತ್ತದೆ. ನಾನಿರುವ ಈ ಊರಿನ ಆಸ್ಪತ್ರೆಯವರೇ ಪುಪ್ಪುಸದ ಹಾಲೆ ತೆಗೆಸಿಕೊಂಡ 206 ರೋಗಿಗಳನ್ನು ಒಂದು ವರ್ಷ ಗಮನಿಸಿ 2016ರಲ್ಲಿ ವರದಿ ಪ್ರಕಟಿಸಿದ್ದಾರೆ. ಎದೆ ಕೊಯ್ಸಿಕೊಂಡವರಿಗಿಂತ ಕ್ಯಾಮೆರಾ ಮೂಲಕ ಮಾಡಿಸಿಕೊಂಡವರಿಗೆ ನೋವು ಕಡಿಮೆ ಇತ್ತು, ದಿನನಿತ್ಯದ ಬದುಕೂ ಹೆಚ್ಚು ಹಗುರವಾಗಿತ್ತು. ಆದರೆ ಅವರಿಗೂ ನೋವು ಇದ್ದೇ ಇತ್ತು. ಅಪ್ಪ ನಾಚಿಕೊಂಡು ನೋವನ್ನು ನುಂಗುವುದು ಬೇಡ. ಮಾತ್ರೆಯನ್ನು ಡಾಕ್ಟರು ಬರೆದ ಹೊತ್ತಿಗೇ ಕೊಡು, ತಡೆಯಲಾಗದಷ್ಟು ಆಗುವವರೆಗೆ ಕಾಯಬೇಡ.

ನನಗೆ ನಿಜವಾಗಿ ಹೆದರಿಕೆಯಾದದ್ದು ಅಪ್ಪ ಮಂಚ ಬಿಟ್ಟು ಇಳಿಯುವುದಿಲ್ಲ ಎಂದು ಓದಿದಾಗ. ಇಲ್ಲಿ ಆಪರೇಷನ್ನಿನ ಮರುದಿನವೇ ನಳಿಕೆಯ ಡಬ್ಬಿಯನ್ನು ಕೈಯಲ್ಲಿ ಹಿಡಿಸಿ ನಡೆಸುತ್ತಾರೆ. ಈ ಊರಿನವರದು ವಿಚಿತ್ರ ಧೈರ್ಯ. ಕೊರೆಯುವ ಚಳಿಯಲ್ಲೂ ಕೂಸುಗಳನ್ನು ತಳ್ಳುಗಾಡಿಯಲ್ಲಿ ಹೊರಗೆ ಮಲಗಿಸುತ್ತಾರೆ, ಮುದುಕಿಯರು ಮಳೆಯಲ್ಲಿ ಸೈಕಲ್ ತುಳಿಯುತ್ತಾರೆ. ಮೊದಮೊದಲು ನನಗೂ ಜೀವ ಹಾರಿಹೋಗುತ್ತಿತ್ತು. ಆದರೆ ನಡೆಸುವ ವಿಷಯದಲ್ಲಿ ಹುಬ್ಬಳ್ಳಿಯ ಡಾಕ್ಟರೂ ಇದನ್ನೇ ಹೇಳಿ ಕಳಿಸಿದ್ದಾರಲ್ಲ! ಮಲಗಿಯೇ ಇದ್ದರೆ ಉಸಿರು ಮೇಲೆಮೇಲೆ ಆಡುತ್ತದೆ, ಕಫ ಕೆಳಗೆ ನಿಲ್ಲುತ್ತದೆ, ನ್ಯುಮೋನಿಯಾ ಬರುತ್ತದೆ. ಮೊದಲು ಅಂಗಳ, ಆಮೇಲೆ ಓಣಿಯ ತುದಿ, ಆಮೇಲೆ ಸಾಧನಕೇರಿಯವರೆಗೆ. ದಣಿದರೆ ಕೂರಲಿ, ಮತ್ತೆ ಏಳಲಿ.

ಉಸಿರಾಟದ ವ್ಯಾಯಾಮಕ್ಕೆ ಕೊಟ್ಟ ಮೂರು ಚೆಂಡಿನ ಆ ಸಾಧನವನ್ನು ಅಪ್ಪ ಊದುತ್ತಿದ್ದಾರೆ ಎಂದು ಪುಟ್ಟಿ ಬರೆದಿದ್ದಾಳೆ. ಅದನ್ನು ಊದಬಾರದು, ನಿಧಾನವಾಗಿ ಉಸಿರು ಒಳಗೆಳೆದು ಚೆಂಡು ಏರಿಸಬೇಕು, ಸ್ವಲ್ಪ ಹೊತ್ತು ಹಿಡಿಯಬೇಕು. ಕೆಮ್ಮುವಾಗ ತಲೆದಿಂಬನ್ನು ಪಕ್ಕೆಗೆ ಒತ್ತಿ ಹಿಡಿದುಕೊಳ್ಳಲಿ. ಬಲಗೈಯಿಂದಲೇ ತಲೆ ಬಾಚಿಕೊಳ್ಳಲಿ, ಇಲ್ಲದಿದ್ದರೆ ಭುಜ ಬಿಗಿದುಕೊಳ್ಳುತ್ತದೆ. ಭಾರದ ಕೊಡ ಮಾತ್ರ ಎತ್ತಬಾರದು. ಬಾಳೆಹಣ್ಣು, ಮೊಸರು ಬೇಡವೆಂದು ಡಾಕ್ಟರು ಹೇಳಿಲ್ಲ, ದೊಡ್ಡವ್ವ ಹೇಳಿದ್ದು. ರೊಟ್ಟಿ, ಪುಂಡಿ ಪಲ್ಯ, ಬೇಳೆ, ಮೊಸರು ಎಲ್ಲವನ್ನೂ ಕೊಡು. ನೋವಿನ ಮಾತ್ರೆಯಿಂದ ಮಲಬದ್ಧತೆ ಆಗುತ್ತದೆ, ನೀರು ಹೆಚ್ಚು ಕುಡಿಯಲಿ.

ಜ್ವರ ಬಂದರೆ, ಗಾಯದಿಂದ ಕೀವು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಮೀನಖಂಡ ಬಾತರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ನನಗೆ ಫೋನ್ ಮಾಡುತ್ತ ಕೂರಬೇಡಿ. ಕಾಕಾನ ಕಾರಿನಲ್ಲಿ ನೇರವಾಗಿ ಆಸ್ಪತ್ರೆಗೆ ಹೋಗಿ. ಇದ್ಯಾವುದೂ ಆಗುವುದಿಲ್ಲ. ಏನೂ ಆಗುವುದಿಲ್ಲ ಅವ್ವ, ನೀನು ಅಳಬೇಡ. ಅಪ್ಪ ಗಟ್ಟಿ ಮನುಷ್ಯ, ಖಂಡಿತ ಮೊದಲಿನಂತೆ ಆಗುತ್ತಾರೆ, ಖಂಡಿತ.

ಔಷಧಿಗೂ ಫಿಸಿಯೋಥೆರಪಿಗೂ ಹಣ ಕಳಿಸಿದ್ದೇನೆ, ಸಾಲ ಮಾಡಬೇಡಿ. ಪುಟ್ಟಿಯ ಸಂಬಂಧದ ಮಾತು ಅಪ್ಪ ಸುಧಾರಿಸಿದ ಮೇಲೆ ಆಡೋಣ, ಗದಗಿನವರಿಗೆ ಹಾಗೆಯೇ ತಿಳಿಸಿ. ಬಸ್ಸಿಗೆ ಹೊತ್ತಾಯಿತು. ನಾಳೆ ಅಪ್ಪ ಎಲ್ಲಿಯವರೆಗೆ ನಡೆದರು ಎಂದು ತಪ್ಪದೆ ತಿಳಿಸು.

ನಿನ್ನ ಮಗಳು