ಮಗಳಿಗೊಂದು ಪತ್ರ: ಯಾವ ಪಿಕಪ್ ಇರುವ ಗಿಟಾರ್?

ಪ್ರೀತಿಯ ಪುಟ್ಟಿಗೆ,

ನೀನು ಕಳುಹಿಸಿದ ಮೂರು ಗಿಟಾರ್‌ಗಳ ಚಿತ್ರ, ವಿವರ ಎಲ್ಲವನ್ನೂ ನೋಡಿದೆ. ಬೆಲೆಯಲ್ಲಿ ಹೆಚ್ಚು ಅಂತರವಿಲ್ಲ. ನಿನ್ನ ಗೊಂದಲವೆಲ್ಲ ತಂತಿಯ ನಾದವನ್ನು ಹಿಡಿಯುವ ಪಿಕಪ್‌ಗಳದ್ದೇ. ಒಂದರಲ್ಲಿ ಮೂರೂ ಸಿಂಗಲ್ ಕಾಯಿಲ್ (ಒಂದೇ ಸುರುಳಿಯದು), ಇನ್ನೊಂದರಲ್ಲಿ ಎರಡು ಹಂಬಕರ್ (ಜೋಡಿ ಸುರುಳಿಯದು), ಮತ್ತೊಂದರಲ್ಲಿ ಬ್ರಿಜ್, ಅಂದರೆ ತಂತಿಗಳು ಒಡಲಿನ ಮೇಲೆ ಕೂರುವ ಕುದುರೆಯ, ಪಕ್ಕ ಹಂಬಕರ್, ಉಳಿದೆರಡು ಸಿಂಗಲ್ ಕಾಯಿಲ್. ‘ಅಪ್ಪಾ, ಕಾಯಿಲ್ ವಿಷಯ ನಿಮಗೇ ಚೆನ್ನಾಗಿ ಗೊತ್ತು, ನೀವೇ ಹೇಳಿ’ ಎಂದು ಬರೆದಿದ್ದೀಯ. ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡವನನ್ನು ಮಗಳು ಹೀಗೆ ಕೇಳಿದರೆ ಎಷ್ಟು ಸಂತೋಷವಾಗುತ್ತದೆ ಗೊತ್ತೇ? ಅದಕ್ಕೇ ಫೋನಿನಲ್ಲಿ ಹೇಳಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಎಳೆ, ಅಷ್ಟೇ. ಆದರೆ ಆ ಎಳೆ ಎಷ್ಟು ಸಣ್ಣದು ಎಂಬುದನ್ನು ಗಮನಿಸು. ನಮ್ಮ ಅಂಗಡಿಗೆ ಬರುವ ಸಣ್ಣ ಮೋಟಾರ್‌ಗಳಿಗೆ ಅರ್ಧ, ಮುಕ್ಕಾಲು ಮಿಲಿಮೀಟರ್ ದಪ್ಪದ ಎನಾಮಲ್ ತಂತಿ ಬಳಸುತ್ತೇವೆ. ಪಿಕಪ್‌ನ ಎಳೆ ಸುಮಾರು 0.06 ಮಿಲಿಮೀಟರ್, ಕೈ ಸ್ವಲ್ಪ ಬಿಗಿಯಾದರೂ ತುಂಡಾಗುತ್ತದೆ. ಅಂಥದ್ದನ್ನು ಒಂದು ಸಿಂಗಲ್ ಕಾಯಿಲ್‌ಗೆ 8,000ದಷ್ಟು ಸುತ್ತು ಸುತ್ತಿರುತ್ತಾರೆ. ಗಿಟಾರ್‌ನ ಉಕ್ಕಿನ ತಂತಿ ಅದರ ಮೇಲೆ ಕಂಪಿಸಿದಾಗ ಕಾಂತಕ್ಷೇತ್ರ ಅಲುಗಿ, ಕಾಯಿಲ್‌ನಲ್ಲಿ ತೀರ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವ ಇದು. ಅದರ ಬಲದಿಂದಲೇ ಡೈನಮೊ ಓಡುತ್ತದೆ, ಅದರ ಬಲದಿಂದಲೇ ನಿನ್ನ ಗಿಟಾರ್ ನುಡಿಯುತ್ತದೆ.

ತೊಂದರೆ ಬರುವುದೂ ಅಲ್ಲಿಂದಲೇ. ತನ್ನ ಮೇಲೆ ಕಂಪಿಸುತ್ತಿರುವುದು ತಂತಿಯೋ, ಗೋಡೆಯೊಳಗೆ ಹರಿಯುತ್ತಿರುವುದು ಕರೆಂಟೋ ಎಂಬ ಭೇದ ಕಾಯಿಲ್‌ಗೆ ಇಲ್ಲ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಟ್ಯೂಬ್‌ಲೈಟಿನ ಚೋಕ್, ಫ್ಯಾನ್ ರೆಗ್ಯುಲೇಟರ್, ಆಂಪ್ಲಿಫೈಯರ್‌ನದೇ ಟ್ರಾನ್ಸ್‌ಫಾರ್ಮರ್ ಎಲ್ಲವೂ ಕಾಯಿಲ್‌ಗೆ ಕೇಳಿಸುತ್ತವೆ. ಸಿಂಗಲ್ ಕಾಯಿಲ್ ಗುಂಯ್‌ಗುಡುವುದು ಹೀಗೆ. ದನಿಯನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದರೆ ಸಣ್ಣ ಸದ್ದೂ ದೊಡ್ಡದಾಗುವುದರಿಂದ ಗುಂಯ್ ಇನ್ನಷ್ಟು ಏರುತ್ತದೆ.

ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಉಪಾಯವನ್ನು ನೋಡು. ಎರಡು ಕಾಯಿಲ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಅಯಸ್ಕಾಂತದ ಧ್ರುವವನ್ನು ತಿರುಗಿಸಿ, ಅದರ ಜೋಡಣೆಯನ್ನೂ ತಿರುಗಿಸಿದರು. ತಂತಿಯ ಸಂಕೇತಕ್ಕೆ ಎರಡು ಸಲ ತಿರುಗಿಸಿದಂತಾಯಿತು, ಆದ್ದರಿಂದ ಎರಡೂ ಕಾಯಿಲ್‌ಗಳದ್ದು ಒಂದಕ್ಕೊಂದು ಕೂಡುತ್ತದೆ. ಹೊರಗಿನಿಂದ ಬಂದ ಗುಂಯ್‌ಗೆ ಅಯಸ್ಕಾಂತದ ಹಂಗಿಲ್ಲ, ಅದಕ್ಕೆ ಒಂದೇ ತಿರುವು, ಆದ್ದರಿಂದ ಕಳೆದುಹೋಗುತ್ತದೆ. ವೈಂಡಿಂಗ್ ಬಲ್ಲ ಯಾರೇ ಆಗಲಿ ಇದಕ್ಕೆ ಕೈ ಮುಗಿಯಬೇಕು. 1957ರಿಂದ ಗಿಬ್ಸನ್ ಗಿಟಾರ್‌ಗಳಲ್ಲಿ ಈ ಹಂಬಕರ್ ಬಂತು.

ಹಾಗಾದರೆ ಎಲ್ಲ ಕಡೆಯೂ ಹಂಬಕರ್ ಏಕಿಲ್ಲ ಎಂದು ಕೇಳುತ್ತೀಯ. ಸದ್ದಡಗಿಸಲು ಬೆಲೆ ತೆರಬೇಕು. ಎರಡು ಕಾಯಿಲ್ ತಂತಿಯ ಎರಡು ಬಿಂದುಗಳನ್ನು ಒಟ್ಟಿಗೆ ಆಲಿಸುವುದರಿಂದ ಮೇಲಿನ ಕೆಲವು ಸ್ವರಾಂಶಗಳು ಪರಸ್ಪರ ಅಳಿಸಿಹೋಗುತ್ತವೆ. ಸುತ್ತು ಹೆಚ್ಚಿದಷ್ಟೂ ಇಂಡಕ್ಟೆನ್ಸ್ (ಬದಲಾಗುವ ಕರೆಂಟಿಗೆ ಕಾಯಿಲ್ ಒಡ್ಡುವ ತಡೆ) ಹೆಚ್ಚಿ ಧ್ವನಿಯ ಹೊಳಪು ತಗ್ಗುತ್ತದೆ. ಹಂಬಕರ್‌ನ ದನಿ ದಪ್ಪ, ತುಂಬು, ಬಲಶಾಲಿ. ಸಿಂಗಲ್ ಕಾಯಿಲ್‌ನದು ತಿಳಿ, ಚುರುಕು. ನೀನು ಚಿಕ್ಕಂದಿನಲ್ಲಿ ವೀಣೆ ಕಲಿತವಳು, ಈಗಲೂ ತಂತಿಯನ್ನು ಎಳೆದೇ ಗಮಕ ತರುತ್ತೀಯ. ಆ ಎಳೆತದ ಒಂದೊಂದು ಅಂಚೂ ಬಿಡಿಸಿ ಕೇಳಬೇಕಾದರೆ ನೆಕ್, ಅಂದರೆ ಗಿಟಾರ್‌ನ ಕತ್ತಿನ, ಹತ್ತಿರದ ಸಿಂಗಲ್ ಕಾಯಿಲ್ ಬೇಕು. ಅಲ್ಲಿ ತಂತಿಯ ಓಲಾಟ ದೊಡ್ಡದು, ಮೂಲಸ್ವರ ಗುಂಡಾಗಿ ಬರುತ್ತದೆ. ಬ್ರಿಜ್ ಹತ್ತಿರ ಓಲಾಟ ಚಿಕ್ಕದು, ದನಿ ತೆಳ್ಳಗೆ ಹರಿತ. ಕಾಲೇಜು ತಂಡದ ಗಟ್ಟಿ ಹಾಡುಗಳಲ್ಲಿ ಡ್ರಮ್ಸ್ ನಡುವೆ ಆ ತೆಳು ದನಿ ಕರಗಿಹೋಗುತ್ತದೆ. ಹಂಬಕರ್ ಬೇಕಾದದ್ದು ಅಲ್ಲಿ.

ಆದ್ದರಿಂದ ಮೂರನೆಯದನ್ನೇ ತೆಗೆದುಕೊ. ನೆಕ್ ಪಿಕಪ್ ನಿನಗಾಗಿ, ಬ್ರಿಜ್ ಪಿಕಪ್ ತಂಡಕ್ಕಾಗಿ. ಎರಡು ಹಂಬಕರ್‌ನದರಲ್ಲಿ ಕಾಯಿಲ್ ಬೇರ್ಪಡಿಸುವ ಸ್ವಿಚ್ ಇದೆ, ಎರಡೂ ಬಗೆಯ ದನಿ ಸಿಗುತ್ತದೆ ಎಂದು ಅಂಗಡಿಯವರು ಹೇಳಿದ್ದಾರಂತೆ. ಹಂಬಕರ್‌ನ ಅರ್ಧವನ್ನು ಬಂದ್ ಮಾಡಿದ ಮಾತ್ರಕ್ಕೆ ಉಳಿದ ಅರ್ಧ ಒಳ್ಳೆಯ ಸಿಂಗಲ್ ಕಾಯಿಲ್ ಆಗಿಬಿಡುವುದಿಲ್ಲ. ದನಿಯ ಮಟ್ಟವೂ ಕುಸಿಯುತ್ತದೆ. ಮೂರು ಸಿಂಗಲ್ ಕಾಯಿಲ್‌ನ ಗಿಟಾರ್ ಫೆಂಡರ್ ಕಂಪನಿಯ 1954ರ ಸ್ಟ್ರಾಟೊಕಾಸ್ಟರ್‌ನ ವಂಶದ್ದು. ಅದರ ಮೇಲೆ ನನಗೆ ಗೌರವವಿದೆ. ಪಿಕಪ್ ಆರಿಸುವ ಆ ಕಾಲದ ಸ್ವಿಚ್‌ಗೆ ಮೂರೇ ನಿಲುಗಡೆ. ವಾದಕರು ಅದನ್ನು ಎರಡರ ನಡುವೆ ಸಿಕ್ಕಿಸಿ ಹೊಸ ದನಿ ಹುಡುಕಿಕೊಂಡರು, ಫೆಂಡರ್ ಐದು ನಿಲುಗಡೆಯ ಸ್ವಿಚ್ ಕೊಟ್ಟದ್ದು 1977ರಲ್ಲಿ. ನಿನಗಿಷ್ಟವಾದ ಆ ನಡುವಿನ ದನಿ, ಅಂದರೆ ನೆಕ್ ಮತ್ತು ಮಧ್ಯದ ಕಾಯಿಲ್ ಕೂಡಿದ್ದು, ಮೂರನೆಯ ಗಿಟಾರ್‌ನಲ್ಲೂ ಸಿಗುತ್ತದೆ. ಮಧ್ಯದ ಕಾಯಿಲ್ ಉಲ್ಟಾ ಸುತ್ತಿದ್ದು, ಉಲ್ಟಾ ಧ್ರುವದ್ದು ಆಗಿದ್ದರೆ ಆ ನಿಲುಗಡೆಯಲ್ಲಿ ಗುಂಯ್ ಕೂಡ ಇರುವುದಿಲ್ಲ.

ಇದರಲ್ಲೂ ಒಂದು ರಾಜಿ ಇದೆ. ಸಿಂಗಲ್ ಕಾಯಿಲ್‌ಗೆ 250 ಕಿಲೊಓಮ್‌ನ ವಾಲ್ಯೂಮ್ ಗುಂಡಿ, ಹಂಬಕರ್‌ಗೆ 500ರದ್ದು ಹಾಕುವುದು ವಾಡಿಕೆ. ಒಂದೇ ಗುಂಡಿ ಇದ್ದಾಗ ಒಂದರ ದನಿ ಬಿರುಸಾಗುತ್ತದೆ, ಇಲ್ಲವೇ ಇನ್ನೊಂದರದು ಮಂಕಾಗುತ್ತದೆ. ಕಿವಿಗೆ ಸಹ್ಯವೇ ಎಂದು ಅಂಗಡಿಯಲ್ಲೇ ನುಡಿಸಿ ನೋಡಿಕೋ.

ಹೋಗುವಾಗ ಸಣ್ಣ ಉಕ್ಕಿನ ಸ್ಕ್ರೂಡ್ರೈವರ್ ಒಯ್ಯಿ. ಆಂಪ್ಲಿಫೈಯರ್ ಸದ್ದನ್ನು ತಗ್ಗಿಸಿ, ಪ್ರತಿ ನಿಲುಗಡೆಯಲ್ಲೂ ಪಿಕಪ್‌ನ ತಲೆಯನ್ನು ಮೆಲ್ಲಗೆ ತಟ್ಟು. ಜೀವವಿರುವ ಕಾಯಿಲ್ ‘ಟಕ್’ ಎಂದು ಜೋರಾಗಿ ಹೇಳುತ್ತದೆ, ಸುಮ್ಮನಿರುವುದು ಸುಮ್ಮನಿರುತ್ತದೆ. ಹಂಬಕರ್‌ನ ಎರಡೂ ಸಾಲುಗಳನ್ನು ಬೇರೆಬೇರೆಯಾಗಿ ತಟ್ಟಿದರೆ ಎರಡೂ ಕೆಲಸ ಮಾಡುತ್ತಿವೆಯೇ ಎಂಬುದು ತಿಳಿಯುತ್ತದೆ. ಆಮೇಲೆ ದಪ್ಪ ತಂತಿಯನ್ನು ಹನ್ನೆರಡನೆಯ ಫ್ರೆಟ್‌ಗಿಂತ, ಅಂದರೆ ಕತ್ತಿನ ಹನ್ನೆರಡನೆಯ ಲೋಹದ ಅಡ್ಡಪಟ್ಟಿಗಿಂತ, ಮೇಲೆ ಒತ್ತಿ ನುಡಿಸು. ಸ್ವರ ನಿಲ್ಲದೆ ಎರಡಾಗಿ ಅಲೆದಾಡಿದರೆ ನೆಕ್ ಪಿಕಪ್‌ನ ಅಯಸ್ಕಾಂತ ತಂತಿಯನ್ನು ಎಳೆಯುತ್ತಿದೆ ಎಂದರ್ಥ. ಪಕ್ಕದ ಸ್ಕ್ರೂ ತಿರುಗಿಸಿ ಪಿಕಪ್ ಇಳಿಸಿದರೆ ಸರಿಹೋಗುತ್ತದೆ, ಗಿಟಾರ್ ಬಿಟ್ಟು ಬರಬೇಡ. ರೂಮಿನಲ್ಲಿ ಸಿಂಗಲ್ ಕಾಯಿಲ್ ಗುಂಯ್ ಎಂದರೆ ಕೂತಲ್ಲೇ ನಿಧಾನವಾಗಿ ತಿರುಗು. ಯಾವುದೋ ಒಂದು ದಿಕ್ಕಿಗೆ ಅದು ತಗ್ಗುತ್ತದೆ. ಅಲ್ಲೇ ಕುರ್ಚಿ ಹಾಕಿಕೋ.

ಇನ್ನೊಂದು ಮಾತು. ಪಿಕಪ್‌ಗಿಂತ ಇದು ನನಗೆ ಮುಖ್ಯ. ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳು ಸಾಮಾನ್ಯವಾಗಿ ಬ್ರಿಜ್ ಮೂಲಕ ಒಂದು ವೈರಿಗೆ, ಅದರಿಂದ ಕೇಬಲ್‌ಗೆ, ಅಲ್ಲಿಂದ ಆಂಪ್ಲಿಫೈಯರ್‌ನ ಲೋಹದ ಚೌಕಟ್ಟಿಗೆ, ಕೊನೆಗೆ ಪ್ಲಗ್ಗಿನ ಅರ್ತ್ ಪಿನ್ನಿಗೆ ಸೇರಿರುತ್ತವೆ. ತಂತಿ ಮುಟ್ಟಿದಾಗ ಸದ್ದು ಕಡಿಮೆಯಾಗುವುದು ಇದೇ ಕಾರಣಕ್ಕೆ, ಅದು ಸಹಜ. ಆದರೆ ಸಾಕೆಟ್‌ಗೆ ಅರ್ತಿಂಗ್ ಇಲ್ಲದೆ, ಆಂಪ್ಲಿಫೈಯರ್ ಒಳಗೆ ಕರೆಂಟ್ ಸೋರಿದರೆ, ಅದು ಬರುವುದು ನೇರ ನಿನ್ನ ಬೆರಳಿಗೆ. ತಂತಿ ಮುಟ್ಟಿದಾಗ ಅಥವಾ ಮೈಕಿಗೆ ತುಟಿ ತಾಗಿದಾಗ ಚುರುಕ್ ಎಂದರೆ ಆ ಕ್ಷಣವೇ ಬಿಟ್ಟು ದೂರ ಸರಿ. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕಲೇಬೇಡ, ಸ್ನೇಹಿತರ ಮನೆಯಲ್ಲೂ ಬೇಡ.

ನಿನ್ನ ಪಿ.ಜಿ. ಕಟ್ಟಡ ಹಳೆಯದು. ಮಾಲೀಕರಿಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ, ನಿನ್ನ ರೂಮಿನ ಸಾಕೆಟ್‌ಗೆ ಅರ್ತ್ ಬಂದಿದೆಯೇ, ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಂದ್ ಆಗುವ ಸ್ವಿಚ್) ಇದೆಯೇ ಎಂದು ನೋಡಿಸು. ಖರ್ಚು ಅವರು ಕೊಡದಿದ್ದರೆ ನಾನು ಕೊಡುತ್ತೇನೆ. ಎಲೆಕ್ಟ್ರಿಷಿಯನ್ ಬಂದಾಗ ನನಗೆ ಫೋನ್ ಹಚ್ಚಿಕೊಡು, ಅವರೊಡನೆ ಮಾತಾಡಿದ ಮೇಲೆ ಗಿಟಾರ್‌ನ ಹಣ ಕಳುಹಿಸುತ್ತೇನೆ.

ಇಂತಿ ನಿನ್ನ
ಅಪ್ಪ