ಸದ್ದಿಗಲ್ಲ, ಗಾಳಿಗೆ ಹೆದರುವ ಮೈಕು

ಪ್ರೀತಿಯ ಮಗಳೇ,

ಹಳೆಯ ರಿಬ್ಬನ್ ಮೈಕ್ ಕೈಗೆ ಬಂದಿದೆ, ವಯಲಿನ್ನು, ಕೊಳಲು ರೆಕಾರ್ಡ್ ಮಾಡಬೇಕು ಅಂತ ಬರೆದಿದ್ದೀಯಲ್ಲ. ಕೇಬಲ್ ಸಿಕ್ಕಿಸುವ ಮುಂಚೆ ಇದನ್ನು ಪೂರ್ತಿ ಓದಿಬಿಡು.

ಆ ಜಾಲರಿಯ ಒಳಗೆ, ಅಯಸ್ಕಾಂತದ ಎರಡು ಧ್ರುವಗಳ ನಡುವೆ, ನೆರಿಗೆ ಹಾಕಿದ ಅಲ್ಯೂಮಿನಿಯಂ ಪಟ್ಟಿಯೊಂದು ಜೋತಿದೆ, ಅದೇ ರಿಬ್ಬನ್. ದಪ್ಪ ಸುಮಾರು 2 ಮೈಕ್ರಾನ್. ತಲೆಗೂದಲೇ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಒಂದು ಮೀಟರ್ ದೂರದ ಟ್ರಂಪೆಟ್ಟಿಗೆ ಜಗ್ಗದ ಈ ಪಟ್ಟಿ, ಯಾರಾದರೂ ಮೈಕ್ ಕೆಲಸ ಮಾಡುತ್ತಿದೆಯೇ ನೋಡೋಣ ಅಂತ ಉಫ್ ಎಂದು ಊದಿದರೆ ಜೋಲು ಬೀಳುತ್ತದೆ. ಜೋಲು ಬಿದ್ದದ್ದು ತಾನಾಗಿ ಬಿಗಿಯಾಗುವುದಿಲ್ಲ. ಹೊಸ ರಿಬ್ಬನ್ನೇ ಹಾಕಿಸಬೇಕು.

ಗಾಳಿಯ ನಂತರದ ಶತ್ರು ಫ್ಯಾಂಟಮ್ ಪವರ್, ಅಂದರೆ ಕಂಡೆನ್ಸರ್ ಎಂಬ ಬೇರೆ ಜಾತಿಯ ಮೈಕಿಗೆಂದು ಪ್ರೀಆಂಪ್ (ಮೈಕಿನ ಸಣ್ಣ ಸಿಗ್ನಲ್ ಹಿಗ್ಗಿಸುವ ಪೆಟ್ಟಿಗೆ) ಕೇಬಲ್ಲಿನಲ್ಲೇ ಕಳಿಸುವ 48 ವೋಲ್ಟ್ ವಿದ್ಯುತ್. ಅದು ಪ್ಲಗ್ಗಿನ 2 ಮತ್ತು 3ನೇ ಪಿನ್ನುಗಳಿಗೆ ಸಮನಾಗಿ ಬಂದರೆ ಮೈಕಿನೊಳಗಿನ ಟ್ರಾನ್ಸ್‌ಫಾರ್ಮರಿನಲ್ಲಿ ಕರೆಂಟ್ ಹರಿಯುವುದಿಲ್ಲ, ರಿಬ್ಬನ್‌ಗೆ ಏನೂ ಆಗುವುದಿಲ್ಲ. ಕೇಬಲ್ಲಿನಲ್ಲಿ ಒಂದು ಪಿನ್ ತಂತಿಗಳನ್ನು ಸುತ್ತಿದ ಲೋಹದ ಶೀಲ್ಡ್‌ಗೆ ತಾಗಿತ್ತು ಅನ್ನು: ಇನ್ನೊಂದು ಪಿನ್ನಿನ 6.8 ಕಿಲೋಓಮ್ ರೆಸಿಸ್ಟರ್ ಮೂಲಕ ಸುಮಾರು 7 ಮಿಲಿಆಂಪಿಯರ್ ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಆ ಕ್ಷಣದ ಏಟನ್ನು ಹತ್ತಾರು ಪಟ್ಟು ಮಾಡಿ ರಿಬ್ಬನ್‌ಗೆ ದಾಟಿಸುತ್ತದೆ. ಪ್ಯಾಚ್ ಬೇ (ಹಲವು ಕೇಬಲ್ ಜೋಡಿಸುವ ಸಾಕೆಟ್ಟುಗಳ ಹಲಗೆ) ಮೂಲಕ ಜೋಡಿಸಿದರೂ ಇದೇ ಗತಿ, ಪ್ಲಗ್ ಒಳಗೆ ಜಾರುವಾಗ ಸಂಪರ್ಕಗಳು ಅಡ್ಡಾದಿಡ್ಡಿ ತಾಗುತ್ತವೆ. ಕೆಲವು ಹಳೆಯ ಮೈಕುಗಳಲ್ಲಂತೂ ಟ್ರಾನ್ಸ್‌ಫಾರ್ಮರಿನ ನಡು ತಂತಿಯನ್ನು ಗ್ರೌಂಡ್‌ಗೆ ಕಟ್ಟಿರುತ್ತಾರೆ. ಅಲ್ಲಿ ಕೇಬಲ್ ಸರಿಯಿದ್ದರೂ ಕರೆಂಟ್ ಹರಿಯುತ್ತದೆ. ಹಾಗಾಗಿ ಫ್ಯಾಂಟಮ್ ಆಫ್ ಮಾಡು, ಒಂದು ನಿಮಿಷ ಬಿಡು, ಪರೀಕ್ಷಿಸಿದ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕೇಬಲ್ಲಿನಿಂದ ನೇರವಾಗಿ ಪ್ರೀಆಂಪ್‌ಗೆ ಸಿಕ್ಕಿಸು. ರಿಬ್ಬನ್ ತುಂಡಾಗಿದೆಯೋ ನೋಡಲು ಮಲ್ಟಿಮೀಟರ್ ಹಿಡಿಯಬೇಡ, ಅದೂ ಕರೆಂಟನ್ನೇ ಹರಿಸುವುದು.

ಆರೋಗ್ಯ ತಿಳಿಯಲು ಕಿವಿಯೇ ಸಾಕು. ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ, 60 ಸೆಂಟಿಮೀಟರ್ ದೂರದಲ್ಲಿ ಒಂದೇ ದನಿಯಲ್ಲಿ ಮಾತಾಡಿ ಹೋಲಿಸು, ಎರಡೂ ಒಂದೇ ಮಟ್ಟದಲ್ಲಿ ಕೇಳಬೇಕು. ತಗ್ಗಿನ ಸ್ವರಕ್ಕೆ ಪರಪರ ಅಂದರೆ ರಿಬ್ಬನ್ ಧ್ರುವಕ್ಕೆ ತಾಗುತ್ತಿದೆ, ಇಲ್ಲವೇ ಸಂದಿಯಲ್ಲಿ ಕಬ್ಬಿಣದ ಪುಡಿ ಸೇರಿದೆ. (ಅರ ಹಾಕುವ, ಡ್ರಿಲ್ ಮಾಡುವ ಮೇಜಿನ ಹತ್ತಿರಕ್ಕೂ ಈ ಮೈಕನ್ನು ಒಯ್ಯಬೇಡ.)

ಔಟ್‌ಪುಟ್ ತೀರಾ ಕಡಿಮೆ ಅನ್ನಿಸಿದರೆ ಗಾಬರಿಯಾಗಬೇಡ, ಇದರ ಜಾಯಮಾನವೇ ಹಾಗೆ. ವಯಲಿನ್‌ಗೆ 60ರಿಂದ 70 ಡಿಬಿ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಬೇಕಾಗಬಹುದು, ಅಷ್ಟು ತಿರುಗಿಸಿದಾಗಲೂ ಶ್ ಎನ್ನದ ಪ್ರೀಆಂಪ್ ಬೇಕು. ಅದರ ಇನ್‌ಪುಟ್ ಇಂಪೀಡೆನ್ಸ್ (ಸಿಗ್ನಲ್ಲಿಗೆ ಒಡ್ಡುವ ವಿದ್ಯುತ್ ತಡೆ) ಮೈಕಿನದಕ್ಕಿಂತ ಐದು ಪಟ್ಟಾದರೂ ಇರಲಿ: 300 ಓಮ್ ಮೈಕಿಗೆ ಕನಿಷ್ಠ 1500 ಓಮ್. ಅದಕ್ಕಿಂತ ಕಡಿಮೆಯಾದರೆ ಮಂದ್ರ ಸೊರಗುತ್ತದೆ. ಮೈಕಿನ ಒಳಗಿನ ತಂತಿಗಳನ್ನು 250 ಓಮ್ ಬದಲು 50 ಓಮ್‌ಗೆ ಜೋಡಿಸಿದ್ದರೆ ಸುಮಾರು 7 ಡಿಬಿ ಅಲ್ಲೇ ಹೋಯಿತು. ಬಿಚ್ಚಿ ಬದಲಿಸುವ ಕೆಲಸ ರಿಪೇರಿ ಬಲ್ಲವರಿಗೇ ಇರಲಿ.

ಈಗ ಮೈಕ್ ಎಲ್ಲಿಡುವುದು ಅಂತ ನೋಡೋಣ. ಇದು ಮುಂದೆ ಹಿಂದೆ ಸಮನಾಗಿ ಕೇಳಿಸಿಕೊಳ್ಳುತ್ತದೆ, ಎರಡು ಪಕ್ಕಕ್ಕೆ ಕಿವುಡು. ಅಂಕಿ 8ರ ಆಕಾರ ಅನ್ನುತ್ತಾರೆ (ನಮ್ಮ ೮ ಅಲ್ಲ ಮತ್ತೆ!). ಬೆನ್ನ ಹಿಂದೆ ಗೋಡೆ ಹತ್ತಿರವಿದ್ದರೆ ಅಲ್ಲಿಂದ ಮರಳಿದ ಸದ್ದು ಏರು ಇಳಿವಾಗಿ, ಇಳಿವು ಏರಾಗಿ ತಲೆಕೆಳಗಾದ ಫೇಸ್‌ನಲ್ಲಿ ಬಂದು ನೇರ ಸದ್ದಿನೊಡನೆ ಜಗಳವಾಡುತ್ತದೆ. ಗೋಡೆಯಿಂದ ಎರಡು ಮೀಟರ್ ದೂರವಿಡು, ಜಾಗವಿಲ್ಲದಿದ್ದರೆ ದಪ್ಪ ಕಂಬಳಿ ತೂಗುಹಾಕು. ಕಿವುಡು ಪಕ್ಕವನ್ನು ಮಾತ್ರ ಧಾರಾಳವಾಗಿ ಬಳಸಿಕೊ. ಒಂದೇ ಕೋಣೆಯಲ್ಲಿ ಡ್ರಮ್ಸ್ ಕೂಡ ಇದೆಯೇ? ಮೈಕಿನ ಪಕ್ಕವನ್ನು ಅದರ ಕಡೆಗೆ ತಿರುಗಿಸು. ಪೂರ್ತಿ ಮಾಯವಾಗದು, ಗೋಡೆಗೆ ಬಡಿದು ಬರುವಷ್ಟು ಬಂದೇ ಬರುತ್ತದೆ.

ವಯಲಿನ್‌ಗೆ 60ರಿಂದ 90 ಸೆಂಟಿಮೀಟರ್ ಮೇಲಿನಿಂದ ಇಳಿಜಾರಾಗಿ ಹಿಡಿ, ಕಮಾನಿನ ಕೆರೆತ ಮೆತ್ತಗಾಗುತ್ತದೆ. ಅದಕ್ಕಿಂತ ಹತ್ತಿರ ಹೋದಷ್ಟೂ ತಗ್ಗಿನ ಸದ್ದು ಉಬ್ಬುತ್ತದೆ. ಈ ಜಾತಿಯ ಮೈಕಿನಲ್ಲಿ ಆ ಗುಣ ಬಹಳ ಜೋರು. ಉಬ್ಬಿದರೆ ಈಕ್ಯೂ (ತಗ್ಗಿನ, ಮೇಲಿನ ಸ್ವರಗಳನ್ನು ಹೆಚ್ಚುಕಡಿಮೆ ಮಾಡುವ ಗುಂಡಿ) ಮುಟ್ಟುವ ಮೊದಲು ಸ್ಟ್ಯಾಂಡನ್ನು ಒಂದು ಗೇಣು ಹಿಂದೆ ಸರಿಸು.

ಕೊಳಲೇ ಅಪಾಯದ್ದು. ಉಸಿರು ಊದುರಂಧ್ರದ ಅಂಚಿನಿಂದ ಮುಂದಕ್ಕೆ, ಕೆಳಕ್ಕೆ ನುಗ್ಗುತ್ತದೆ. ಮೈಕನ್ನು ನುಡಿಸುವವರ ಹಣೆಗಿಂತ ಎತ್ತರದಲ್ಲಿ, ಬೆರಳುಗಳ ಕಡೆಗೆ ಸರಿಸಿ, 60 ಸೆಂಟಿಮೀಟರ್ ಆಚೆ ನಿಲ್ಲಿಸು. ಮೈಕ್ ಇಡುವ ಮೊದಲು ಅಲ್ಲಿ ನಿನ್ನ ಮುಂಗೈ ಹಿಂಭಾಗ ಹಿಡಿದು ನುಡಿಸಲು ಹೇಳು. ಚರ್ಮಕ್ಕೆ ಗಾಳಿ ತಾಗಿದರೆ ಆ ಜಾಗ ಬೇಡ. ಗಿಟಾರ್ ಆಂಪ್ ಆದರೂ ಇದೇ ಪರೀಕ್ಷೆ. ಕಾಲಿನಿಂದ ಬಾರಿಸುವ ದೊಡ್ಡ ಕಿಕ್ ಡ್ರಮ್ಮಿನ ತೂತಿನ ಮುಂದಂತೂ ಪರೀಕ್ಷೆಯೂ ಬೇಡ, ಮೈಕೂ ಬೇಡ.

ಕಂಡೆನ್ಸರ್ ಕೇಳಿ ರೂಢಿಯಾದವರಿಗೆ ಇದರ ದನಿ ಮಂಕು ಅನ್ನಿಸುತ್ತದೆ. 8 ಕಿಲೋಹರ್ಟ್ಜ್‌ನಿಂದ ಮೇಲಕ್ಕೆ 3-4 ಡಿಬಿ ಏರಿಸಿದರೂ ಕಿವಿಗೆ ಚುಚ್ಚುವುದಿಲ್ಲ, ಆದರೆ ಪ್ರೀಆಂಪಿನ ಶ್ ಕೂಡ ಜೊತೆಗೇ ಏರುತ್ತದೆ.

ಕೆಲಸ ಮುಗಿದ ಮೇಲೆ ಗೇನ್ ಇಳಿಸಿ, ಕೇಬಲ್ ಬಿಚ್ಚಿ, ಬಟ್ಟೆಯ ಚೀಲ ನಿಧಾನವಾಗಿ ತೊಡಿಸು. ಸ್ಟ್ಯಾಂಡ್ ಸಮೇತ ಬೀಸಿಕೊಂಡು ಹೋಗಬೇಡ. ಪೆಟ್ಟಿಗೆಯಲ್ಲಿ ಮಲಗಿಸದೆ ನಿಲ್ಲಿಸಿಯೇ ಇಡು, ರಿಬ್ಬನ್ ತನ್ನ ಭಾರಕ್ಕೆ ನಡುವೆ ಬಾಗದಿರಲಿ. ಮುಚ್ಚಳವನ್ನು ಧಡ್ ಅಂತ ಹಾಕಬೇಡ, ಒಳಗೆ ಒತ್ತುವುದೂ ಗಾಳಿಯೇ.

ಇಂತಿ ನಿನ್ನ
ಅಮ್ಮ