ಹಳೆಯ ಜಾವಾ–ಯೆಜ್ಡಿ ಬೈಕ್‌ಗಳ ಚಿತ್ರಗಳು: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರ ಗುಂಪಿನಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕಾಲದ ಚಿತ್ರಗಳನ್ನು ಮಾತ್ರ ಹಾಕಿ. 1961ರಲ್ಲಿ ಜಾವಾ ತಯಾರಿಸತೊಡಗಿ, ಮುಂದೆ ಯೆಜ್ಡಿಯಿಂದ ಮನೆಮಾತಾಗಿ, 1996ರಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆ ಅದು.

ಗೇರ್ ಲಿವರ್ ಹತ್ತಿರದಿಂದ ಕಾಣುವ ಚಿತ್ರವಿದ್ದರೆ ದಯವಿಟ್ಟು ಕಳುಹಿಸಿ. ಆ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಎಂಜಿನ್ ಚಾಲೂ ಮಾಡುವ ಕಿಕ್ಕರ್! ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಬೇರೆ. ಇಂಥ ಜಾಣ್ಮೆ ನಮ್ಮ ಮಕ್ಕಳಿಗೂ ತಿಳಿಯಬೇಕು.

ಮದರಾಸಿನ ಬಳಿಯ ಶೋಲಾವರಂನಲ್ಲಿ, ಯುದ್ಧಕಾಲದ ಹಳೆಯ ವಿಮಾನ ಓಡುದಾರಿಯ ಮೇಲೆ, ನಡೆಯುತ್ತಿದ್ದ ರೇಸ್‌ಗಳ ಚಿತ್ರಗಳಿಗೆ ಮೊದಲ ಆದ್ಯತೆ. ಅವು ಸಿಗುವುದೇ ಅಪರೂಪ.

ಇಸವಿ, ಊರು ತಪ್ಪದೆ ಬರೆಯಿರಿ. ಆರ್‌ಸಿ ಪುಸ್ತಕದಲ್ಲಿನ ವಿಳಾಸವನ್ನು ಮರೆಮಾಡಿ. ಎಲ್ಲಿಂದಲೋ ಬಂದ ಫಾರ್ವರ್ಡ್ ಸಂದೇಶಗಳನ್ನು ಅಳಿಸಲಾಗುವುದು.